ವೆಬ್ ಬ್ರೌಸರಿನ ಮೆಮೊರಿ ಬಳಕೆ: ಹಲವು ಟ್ಯಾಬ್‌ಗಳ ನಿರ್ವಹಣೆ

ಬ್ರೌಸರಿನಲ್ಲಿ ಹತ್ತಾರು ಟ್ಯಾಬ್‌ಗಳು ಏಕಕಾಲಕ್ಕೆ ತೆರೆದಿರುವಾಗ ಕಂಪ್ಯೂಟರಿನ ರ‍್ಯಾಮ್ ಮೇಲೆ ಬೀಳುವ ಹೊರೆಯನ್ನು ತಗ್ಗಿಸಲು ಬ್ರೌಸರ್ ತಯಾರಕರು, ಜಾಲತಾಣ ಕಟ್ಟುವವರು ಮತ್ತು ಬಳಕೆದಾರರು ಕಂಡುಕೊಂಡ ಕ್ರಮಗಳು ಈ ಲೇಖನದ ವಿಷಯ. 16 ಅಥವಾ 32 ಜಿಬಿ ರ‍್ಯಾಮ್ ಇರುವ ಯಂತ್ರದವರಿಗೆ ಈ ಹೊರೆ ಅಷ್ಟಾಗಿ ತಟ್ಟದು. 4 ಜಿಬಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಓದುವ ವಿದ್ಯಾರ್ಥಿಗೆ, ಒಂದೇ ಕಂಪ್ಯೂಟರಿನಲ್ಲಿ ನಾಲ್ಕಾರು ಜನರ ಅರ್ಜಿ ತುಂಬುವ ಸೈಬರ್ ಸೆಂಟರಿನವರಿಗೆ ಮಾತ್ರ ದಿನದ ಕೆಲಸ ಸಾಗುವುದೂ ಕೂರುವುದೂ ಇದರ ಮೇಲೆಯೇ ನಿಂತಿದೆ.

ತೊಡಕಿನ ಬೇರು ಇರುವುದು ಟ್ಯಾಬಿನ ಇಬ್ಬಗೆಯ ಸ್ವಭಾವದಲ್ಲಿ. ತೆರೆದವರ ಪಾಲಿಗೆ ಅದು ಗುರುತು: ಇದನ್ನು ಆಮೇಲೆ ಓದಬೇಕು, ಈ ಅರ್ಜಿ ಮುಗಿಸಬೇಕು, ಈ ಎರಡು ಬೆಲೆಗಳನ್ನು ಹೋಲಿಸಿ ನೋಡಬೇಕು. ಯಂತ್ರದ ಪಾಲಿಗೆ ಅದು ಓಡುತ್ತಿರುವ ಪ್ರೋಗ್ರಾಂ. ಕಣ್ಣಿಗೆ ಬೀಳದಿದ್ದರೂ ತನ್ನ ಚಿತ್ರ, ಲೆಕ್ಕ, ಗಡಿಯಾರಗಳನ್ನು ಹಿಡಿದುಕೊಂಡು ಕೂತಿರುತ್ತದೆ. ಗುರುತನ್ನು ಹಾಗೆಯೇ ಉಳಿಸಿ, ಅದರ ಹಿಂದಿನ ಪ್ರೋಗ್ರಾಮನ್ನು ಮೆಮೊರಿಯಿಂದ ಇಳಿಸುವುದು ಹೇಗೆ ಎಂಬ ಒಂದು ಪ್ರಶ್ನೆಯ ಸುತ್ತಲೇ 2010ರಿಂದೀಚೆಗೆ ಈ ಕ್ಷೇತ್ರದ ಬಹುಪಾಲು ಕೆಲಸ ನಡೆದಿದೆ.

ಹಿನ್ನೆಲೆ

1994ರಲ್ಲಿ ಬುಕ್‌ಲಿಂಕ್ ಟೆಕ್ನಾಲಜೀಸ್ ಹೊರತಂದ ಇಂಟರ್‌ನೆಟ್‌ವರ್ಕ್ಸ್ ಎಂಬ ಬ್ರೌಸರಿನಲ್ಲೇ ಟ್ಯಾಬ್‌ಗಳಿದ್ದವು. ನಾರ್ವೆಯ ಒಪೆರಾ ಕೂಡ ಒಂದೇ ಕಿಟಕಿಯೊಳಗೆ ಹಲವು ಪುಟಗಳನ್ನಿಡುವ ಪದ್ಧತಿಯನ್ನು ಬೇಗನೆ ರೂಢಿಸಿತು. ಟ್ಯಾಬ್‌ಗಳು 2001ರಲ್ಲಿ ಮೊಜಿಲ್ಲಾಗೆ, 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0ಕ್ಕೆ, 2006ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 7ಕ್ಕೆ ಬಂದಮೇಲೆ ಟ್ಯಾಬಿಲ್ಲದ ಪ್ರಮುಖ ಬ್ರೌಸರ್ ಉಳಿಯಲಿಲ್ಲ.

ಆ ಹೊತ್ತಿಗೆ ಪುಟದ ಸ್ವರೂಪವೇ ಬದಲಾಗತೊಡಗಿತ್ತು. ಮೊದಲೆಲ್ಲ ಪುಟ ಒಮ್ಮೆ ಇಳಿದುಬಂದರೆ ಮುಗಿಯಿತು, ಓದುವವರು ಓದಿಕೊಳ್ಳುವರು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಪುಟಗಳು ತೆರೆದಷ್ಟು ಹೊತ್ತೂ ಸರ್ವರಿನೊಡನೆ ಮಾತಾಡುತ್ತ, ತಮ್ಮನ್ನು ತಾವೇ ತಿದ್ದಿಕೊಳ್ಳುತ್ತ ಇರತೊಡಗಿದವು. ಟ್ಯಾಬ್ ಪಟ್ಟಿ ಉದ್ದವಾದದ್ದೂ ಪ್ರತಿ ಟ್ಯಾಬ್ ಭಾರವಾದದ್ದೂ ಒಂದೇ ಕಾಲದಲ್ಲಿ. ಮೆಮೊರಿಯ ದೂರುಗಳು ಏರಿದ್ದು ಈ ಎರಡರ ಗುಣಾಕಾರದಿಂದ.

ಒಂದು ಟ್ಯಾಬ್ ಹಿಡಿಯುವ ಜಾಗ

ಜಾಲದಿಂದ ಇಳಿದುಬರುವ ಕಡತದ ಗಾತ್ರಕ್ಕೂ ಅದು ಮೆಮೊರಿಯಲ್ಲಿ ಹಿಡಿಯುವ ಜಾಗಕ್ಕೂ ನೇರ ಸಂಬಂಧವಿಲ್ಲ. ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಚಿತ್ರಗಳು. ಮೊಬೈಲಿನಲ್ಲಿ ತೆಗೆದ 4000×3000 ಪಿಕ್ಸೆಲ್‌ಗಳ ಫೋಟೊ ಜೆಪೆಗ್ ರೂಪದಲ್ಲಿ ಮೂರು ನಾಲ್ಕು ಎಂಬಿ ಇರಬಹುದು. ಪರದೆಯ ಮೇಲೆ ಬಿಡಿಸಬೇಕಾದರೆ ಸಂಕುಚಿತ ರೂಪವನ್ನು ಬಿಚ್ಚಿ ಪ್ರತಿ ಪಿಕ್ಸೆಲ್ಲಿಗೆ 4 ಬೈಟ್ ಕೊಡಬೇಕು. 1.2 ಕೋಟಿ ಪಿಕ್ಸೆಲ್‌ಗಳಿಗೆ 4.8 ಕೋಟಿ ಬೈಟ್, ಅಂದರೆ ಪೂರ್ಣ ಗಾತ್ರದಲ್ಲಿ ಬಿಚ್ಚಿದರೆ ಸುಮಾರು 48 ಎಂಬಿ. ಅಂಥ ಹತ್ತು ಚಿತ್ರಗಳನ್ನು ಸಣ್ಣದು ಮಾಡದೆ ಹಾಕಿದ ಮದುವೆ ಆಲ್ಬಮ್ಮಿನ ಪುಟವೊಂದೇ ಅರ್ಧ ಜಿಬಿ ಕೇಳಬಲ್ಲದು.

ಪಠ್ಯದ ಲೆಕ್ಕ ಇದಕ್ಕೆ ತೀರ ವಿರುದ್ಧ. ಪುಟದೊಳಗಿನ ಕೋಡನ್ನು ಓಡಿಸುವ ಇಂದಿನ ಜಾವಾಸ್ಕ್ರಿಪ್ಟ್ ಎಂಜಿನ್‌ಗಳು ಇಂಗ್ಲಿಷ್ ಅಕ್ಷರವನ್ನು ಒಂದು ಬೈಟಿನಲ್ಲಿ ಇಡುತ್ತವೆ. ಲ್ಯಾಟಿನ್ ಲಿಪಿಯ ಆಚೆಗಿನ ಅಕ್ಷರ ಒಂದಾದರೂ ಇದ್ದರೆ ಆ ಇಡೀ ಪಠ್ಯಕ್ಕೆ ಅಕ್ಷರಕ್ಕೆರಡು ಬೈಟ್ ಬೇಕಾಗುತ್ತದೆ. ಹಾಗಾಗಿ ಕನ್ನಡ ಪಠ್ಯ ಒಳಗೆ ಇಮ್ಮಡಿ ಜಾಗ ಹಿಡಿಯುತ್ತದೆ, ಜಾಲದ ಮೇಲೆ ಯುಟಿಎಫ್-8 ರೂಪದಲ್ಲಿ ಬರುವಾಗ ಪ್ರತಿ ಯೂನಿಕೋಡ್ ಸಂಕೇತಕ್ಕೆ ಮೂರು ಬೈಟ್. ಇದನ್ನೇ ಹಿಡಿದು ಕನ್ನಡದ ಪುಟ ಭಾರ ಎನ್ನುವುದು ಸಲ್ಲದು. ಹತ್ತು ಸಾವಿರ ಸಂಕೇತಗಳ ದೀರ್ಘ ಕನ್ನಡ ಲೇಖನಕ್ಕೆ ಬೇಕಾದದ್ದು 20,000 ಬೈಟ್. ಮೇಲೆ ಹೇಳಿದ ಒಂದು ಫೋಟೊ ಅಂಥ 2,400 ಲೇಖನಗಳಿಗೆ ಸಮ. ಯಾವ ಭಾಷೆಯ ಪುಟವೇ ಇರಲಿ, ಅಲ್ಲಿ ತೂಕವಿರುವುದು ಬರಹದಲ್ಲಿ ಅಲ್ಲ.

ಚಿತ್ರದ ನಂತರದ ದೊಡ್ಡ ಪಾಲು ಜಾವಾಸ್ಕ್ರಿಪ್ಟಿನದು: ಇಳಿಸಿಕೊಂಡ ಕೋಡ್, ಅದನ್ನು ಅರೆದು ಮಾಡಿದ ಯಂತ್ರಭಾಷೆಯ ರೂಪ, ಓಡುವಾಗ ಹುಟ್ಟುವ ದತ್ತಾಂಶ. ಪುಟದ ಪ್ರತಿ ಪ್ಯಾರಾ, ಗುಂಡಿ, ಕೊಂಡಿಗೂ ಒಂದೊಂದು ವಸ್ತು ಮರದಂಥ ರಚನೆಯಲ್ಲಿರುತ್ತದೆ. ಅದರ ಜೊತೆಗೆ ಅದು ಪರದೆಯ ಮೇಲೆ ಎಲ್ಲಿ, ಯಾವ ಬಣ್ಣದಲ್ಲಿ ಬೀಳಬೇಕೆಂಬ ಲೆಕ್ಕ. ಕೊನೆಗೆ ಪರದೆಗೆ ಹೋಗುವ ಪದರಗಳು. 1920×1080ರ ಪರದೆ ತುಂಬುವ ಒಂದು ಪದರಕ್ಕೆ ಸುಮಾರು 8.3 ಎಂಬಿ ಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇದೂ ರ‍್ಯಾಮಿನಿಂದಲೇ ಹೋಗುತ್ತದೆ.

ಇಷ್ಟರ ಮೇಲೆ ಸೋರಿಕೆ. ಬೇಡವಾದ ವಸ್ತುಗಳನ್ನು ಹುಡುಕಿ ತೆಗೆಯಲು ಜಾವಾಸ್ಕ್ರಿಪ್ಟಿನಲ್ಲಿ ಗಾರ್ಬೇಜ್ ಕಲೆಕ್ಟರ್ ಇದೆ. ಆದರೆ ಅದು ತೆಗೆಯುವುದು ಯಾರೂ ಹಿಡಿದಿಲ್ಲದ ವಸ್ತುವನ್ನು ಮಾತ್ರ. ಪರದೆಯಿಂದ ಅಳಿಸಿಹೋದ ಪೆಟ್ಟಿಗೆಯೊಂದನ್ನು ಎಲ್ಲೋ ಮರೆತುಬಿಟ್ಟ ಒಂದು ಟೈಮರ್ ಇನ್ನೂ ಹಿಡಿದುಕೊಂಡಿದ್ದರೆ ಅದರ ಜೊತೆಗೆ ಅದರ ಮಕ್ಕಳು ಮರಿಗಳೆಲ್ಲ ಉಳಿಯುತ್ತವೆ. ಐದು ನಿಮಿಷ ನೋಡಿ ಮುಚ್ಚುವ ಪುಟದಲ್ಲಿ ಇದು ಗೊತ್ತಾಗದು. ವಾರಗಟ್ಟಲೆ ತೆರೆದಿರುವ ಇಮೇಲ್, ಚಾಟ್, ಕೆಲಸದ ಫಲಕಗಳಲ್ಲಿ ಗಂಟೆ ಗಂಟೆಗೂ ಬೆಳೆಯುತ್ತದೆ. ಗೂಗಲ್‌ನ ಎಂಜಿನಿಯರುಗಳು ಜಿಮೇಲ್‌ನ ಇಂಥ ಸೋರಿಕೆಗಳನ್ನು ಹುಡುಕಿದ ಬಗೆಯನ್ನು 2013ರ ಗೂಗಲ್ ಐ/ಒ ಸಮಾವೇಶದಲ್ಲಿ ವಿವರಿಸಿದರು. ಬ್ರೌಸರಿನ ಒಳಗಣ ಡೆವಲಪರ್ ಸಾಧನಗಳಲ್ಲಿ ಮೆಮೊರಿಯ ಚಿತ್ರ ತೆಗೆದು ಒಂದರೊಡನೆ ಒಂದನ್ನು ಹೋಲಿಸುವ ಆ ಪದ್ಧತಿ ಇಂದಿಗೂ ನಡೆಯುತ್ತಿದೆ.

ಚೂರುಚೂರಾದ ಜಾಗ ಮತ್ತು ಪ್ರೊಸೆಸ್‌ಗಳ ವಿಭಜನೆ

ಹಳೆಯ ಬ್ರೌಸರುಗಳಲ್ಲಿ ಎಲ್ಲ ಟ್ಯಾಬ್‌ಗಳೂ ಒಂದೇ ಪ್ರೊಸೆಸ್ಸಿನಲ್ಲಿ, ಅಂದರೆ ಕಾರ್ಯಾಚರಣ ವ್ಯವಸ್ಥೆ ತನ್ನದೇ ಮೆಮೊರಿ ಕೊಟ್ಟು ಓಡಿಸುವ ಒಂದೇ ಘಟಕದಲ್ಲಿ ಇದ್ದವು. ಟ್ಯಾಬ್ ಮುಚ್ಚಿದರೂ ಮೆಮೊರಿ ಇಳಿಯುತ್ತಿಲ್ಲ ಎಂಬ ದೂರು ಆಗ ಸಾಮಾನ್ಯ, ಅದು ನಿಜವೂ ಆಗಿತ್ತು. ಕಾರಣ ಮೆಮೊರಿ ಚೂರುಚೂರಾಗುವುದು. ತುಂಬಿದ ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಖಾಲಿಯಾದರೂ ಆರು ಜನರ ಕುಟುಂಬ ಒಟ್ಟಿಗೆ ಕೂರಲಾಗದು. ಹಾಗೆಯೇ ಮುಚ್ಚಿದ ಟ್ಯಾಬ್ ಬಿಟ್ಟ ಜಾಗ ಇತರ ಟ್ಯಾಬ್‌ಗಳ ವಸ್ತುಗಳ ನಡುವೆ ಹರಿದು ಹಂಚಿರುವುದರಿಂದ ಅದು ಕಾರ್ಯಾಚರಣ ವ್ಯವಸ್ಥೆಗೆ ಮರಳುತ್ತಿರಲಿಲ್ಲ. 2008ರ ಫೈರ್‌ಫಾಕ್ಸ್ 3 ಈ ಕಾಯಿಲೆಗೆ ಜೆಮ್ಯಾಲಕ್ ಎಂಬ ಹೊಸ ಮೆಮೊರಿ ಹಂಚುವ ವ್ಯವಸ್ಥೆಯನ್ನು ತಂದಿತು.

ಅದೇ 2008ರ ಸೆಪ್ಟೆಂಬರಿನಲ್ಲಿ ಬಂದ ಗೂಗಲ್ ಕ್ರೋಮ್ ಬೇರೆಯೇ ದಾರಿ ಹಿಡಿಯಿತು. ಅದರ ರಚನೆಯನ್ನು ಜನರಿಗೆ ವಿವರಿಸಲು ಸ್ಕಾಟ್ ಮೆಕ್‌ಕ್ಲೌಡ್ ಎಂಬ ಚಿತ್ರಕಥಾಕಾರರಿಂದ ಒಂದು ಕಾಮಿಕ್ ಬರೆಸಿದ್ದರು. ಟ್ಯಾಬ್‌ಗಳು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿದ್ದರೆ ಆರಂಭದಲ್ಲಿ ಮೆಮೊರಿ ಹೆಚ್ಚು ಹಿಡಿಯುತ್ತದೆ, ಆದರೆ ಟ್ಯಾಬ್ ಮುಚ್ಚಿದಾಗ ಇಡೀ ಪ್ರೊಸೆಸ್ಸೇ ಮುಗಿದು ಅದರ ಜಾಗವೆಲ್ಲ ವ್ಯವಸ್ಥೆಗೆ ಮರಳುತ್ತದೆ ಎಂಬ ವಾದ ಅದರಲ್ಲೇ ಇತ್ತು. ಒಂದು ಪುಟ ಕುಸಿದರೆ ಉಳಿದವು ಬದುಕುತ್ತವೆ ಎಂಬುದು ಇನ್ನೊಂದು ಲಾಭ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8, 2011ರ ಸಫಾರಿ 5.1 ಇದೇ ಹಾದಿಗೆ ಬಂದವು. ಫೈರ್‌ಫಾಕ್ಸ್ ತಡವಾಗಿ, 2016ರಲ್ಲಿ 48ನೇ ಆವೃತ್ತಿಯಿಂದ ಹಂತಹಂತವಾಗಿ ಹೊರಳಿತು. 2017ರ 54ನೇ ಆವೃತ್ತಿಯಲ್ಲಿ ಪುಟಗಳಿಗಾಗಿ ನಾಲ್ಕು ಪ್ರೊಸೆಸ್‌ಗಳ ಮಿತಿಯಿಟ್ಟುಕೊಂಡದ್ದು ಮೆಮೊರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಆ ಸಂಯಮಕ್ಕೆ ಹೆಚ್ಚು ಆಯುಷ್ಯವಿರಲಿಲ್ಲ. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾಯಿತು. ಪ್ರೊಸೆಸರ್ ಚಿಪ್‌ಗಳು ಮುಂದಿನ ಸೂಚನೆಗಳನ್ನು ಊಹಿಸಿ ಮೊದಲೇ ನಡೆಸುವ ರೀತಿಯನ್ನು ಬಳಸಿಕೊಂಡು, ಒಂದೇ ಪ್ರೊಸೆಸ್ಸಿನಲ್ಲಿರುವ ಬೇರೊಂದು ಜಾಲತಾಣದ ದತ್ತಾಂಶವನ್ನು ದುಷ್ಟ ಪುಟವೊಂದು ಓದಬಹುದೆಂದು ಗೊತ್ತಾಯಿತು. ಪರಿಹಾರವೆಂದರೆ ಪ್ರತಿ ಜಾಲತಾಣಕ್ಕೂ ತನ್ನದೇ ಪ್ರೊಸೆಸ್, ಪುಟದೊಳಗೆ ಕೂತ ಪರಕೀಯ ಜಾಹೀರಾತಿನ ಚೌಕಟ್ಟಿಗೂ ಪ್ರತ್ಯೇಕ ಪ್ರೊಸೆಸ್. ಕ್ರೋಮ್ ಇದನ್ನು 2018ರಲ್ಲಿ 67ನೇ ಆವೃತ್ತಿಯಲ್ಲಿ ಡೆಸ್ಕ್‌ಟಾಪ್‌ಗಳಿಗೆ ಜಾರಿಗೆ ತಂದಾಗ ಮೆಮೊರಿ ಬಳಕೆ ಒಟ್ಟಾರೆ 10ರಿಂದ 13 ಶೇಕಡ ಏರುತ್ತದೆಂದು ಗೂಗಲ್ ತಾನೇ ಪ್ರಕಟಿಸಿತು. ಫೈರ್‌ಫಾಕ್ಸ್ 2021ರಲ್ಲಿ ಫಿಷನ್ ಎಂಬ ಯೋಜನೆಯ ಮೂಲಕ ಅಲ್ಲಿಗೇ ತಲುಪಿತು. ಒಂದು ಖಾಲಿ ಪ್ರೊಸೆಸ್ ಹತ್ತು ಎಂಬಿ ಹಿಡಿದರೂ ನೂರು ಪ್ರೊಸೆಸ್‌ಗಳಿಗೆ ಒಂದು ಜಿಬಿ ಆಗುವುದರಿಂದ, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದವರು ಮೊದಲು ಮೂಲ ಪ್ರೊಸೆಸ್ಸನ್ನು ಸಣ್ಣದು ಮಾಡಲು ವರ್ಷಗಟ್ಟಲೆ ದುಡಿಯಬೇಕಾಯಿತು.

ಮೆಮೊರಿ ಉಳಿಸುವ ಸಲಹೆಯೆಂದು ಈ ಪ್ರತ್ಯೇಕತೆಯನ್ನೇ ಗುಪ್ತ ಸೆಟ್ಟಿಂಗ್‌ಗಳ ಮೂಲಕ ಆರಿಸಿಬಿಡಲು ಹೇಳುವವರಿದ್ದಾರೆ. ಬ್ಯಾಂಕಿನ ಪುಟವನ್ನೂ ಗೊತ್ತಿಲ್ಲದ ಪುಟವನ್ನೂ ಒಂದೇ ಬ್ರೌಸರಿನಲ್ಲಿ ತೆರೆಯುವ ಯಾರೂ ಹಾಗೆ ಮಾಡಬಾರದು. ಈ ವೆಚ್ಚ ಸಾರ್ಥಕವಾದ ವೆಚ್ಚ. ಉಳಿತಾಯವನ್ನು ಬೇರೆಡೆ ಹುಡುಕಬೇಕು.

ಟ್ಯಾಬ್ ಇಳಿಸುವುದು ಮತ್ತು ಮಲಗಿಸುವುದು

ಉಳಿತಾಯದ ಅತಿ ದೊಡ್ಡ ದಾರಿ, ನೋಡದ ಟ್ಯಾಬಿನ ಪುಟವನ್ನು ಮೆಮೊರಿಯಿಂದ ಪೂರ್ತಿ ತೆಗೆದು, ಪಟ್ಟಿಯಲ್ಲಿ ಅದರ ಹೆಸರು, ಚಿಹ್ನೆ, ವಿಳಾಸ ಮಾತ್ರ ಉಳಿಸುವುದು. ಮತ್ತೆ ಒತ್ತಿದಾಗ ಪುಟ ಜಾಲದಿಂದ ಹೊಸದಾಗಿ ಬರುತ್ತದೆ. ಇದರ ಮೊದಲ ವ್ಯಾಪಕ ರೂಪ 2012ರ ಫೈರ್‌ಫಾಕ್ಸ್ 13ರಲ್ಲಿ ಕಂಡಿತು. ಬ್ರೌಸರನ್ನು ಮುಚ್ಚಿ ತೆರೆದು ಹಿಂದಿನ ಟ್ಯಾಬ್‌ಗಳನ್ನು ಮರಳಿ ತಂದಾಗ, ಒತ್ತುವವರೆಗೂ ಯಾವ ಹಿನ್ನೆಲೆ ಟ್ಯಾಬೂ ತುಂಬಿಕೊಳ್ಳದಂತೆ ಅದು ಮಾಡಿತು. ನೂರು ಟ್ಯಾಬ್ ಇಟ್ಟುಕೊಂಡವರಿಗೆ ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆಯುವುದೇ ಔಷಧವಾಯಿತು. ಈ ಸರಳ ಉಪಾಯ ಇಂದಿಗೂ ಕೆಲಸ ಮಾಡುತ್ತದೆ.

2015ರ ಕ್ರೋಮ್ 45ರಿಂದ ಬ್ರೌಸರ್ ತಾನಾಗಿ ಟ್ಯಾಬ್ ಇಳಿಸತೊಡಗಿತು. ಮೆಮೊರಿ ತೀರಿಹೋಗುವ ಹಂತ ಬಂದಾಗ ಬಹಳ ಹೊತ್ತು ನೋಡದ ಟ್ಯಾಬ್ ಮೊದಲು ಹೋಗುವುದು. ಫೈರ್‌ಫಾಕ್ಸ್ 2021ರ ಅಕ್ಟೋಬರಿನಲ್ಲಿ, 93ನೇ ಆವೃತ್ತಿಯಲ್ಲಿ ವಿಂಡೋಸ್‌ಗಾಗಿ ಇದನ್ನು ತಂದಿತು. ಎರಡರಲ್ಲೂ ದೌರ್ಬಲ್ಯವೊಂದಿತ್ತು: ಯಂತ್ರ ಆಗಲೇ ಏದುಸಿರು ಬಿಡುವಾಗ ಮಾತ್ರ ಅವು ಎಚ್ಚೆತ್ತುಕೊಳ್ಳುತ್ತಿದ್ದವು. 2022ರ ಡಿಸೆಂಬರಿನ ಕ್ರೋಮ್ 108ರಲ್ಲಿ ಬಂದ ಮೆಮೊರಿ ಸೇವರ್ ಕೊರತೆಗೆ ಕಾಯದೆ, ಕೆಲಹೊತ್ತು ಮುಟ್ಟದ ಟ್ಯಾಬನ್ನು ಇಳಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಅದನ್ನು ಎಷ್ಟು ಬಿಗಿಯಾಗಿ ನಡೆಸಬೇಕೆಂದು ಆರಿಸಬಹುದು, ಕೆಲವು ಜಾಲತಾಣಗಳಿಗೆ ವಿನಾಯಿತಿ ಕೊಡಬಹುದು.

ಮೈಕ್ರೋಸಾಫ್ಟ್ ಎಡ್ಜ್ 2021ರ ಮಾರ್ಚಿನ 89ನೇ ಆವೃತ್ತಿಯಲ್ಲಿ ಕೊಟ್ಟ ಸ್ಲೀಪಿಂಗ್ ಟ್ಯಾಬ್ಸ್ ಸ್ವಲ್ಪ ಬೇರೆ. ಆಗ ಎರಡು ಗಂಟೆ ಮುಟ್ಟದಿದ್ದ ಟ್ಯಾಬನ್ನು ಅದು ಮೆಮೊರಿಯಿಂದ ತೆಗೆಯುತ್ತಿರಲಿಲ್ಲ, ಇದ್ದಲ್ಲೇ ಸ್ತಬ್ಧಗೊಳಿಸುತ್ತಿತ್ತು. ಜಾವಾಸ್ಕ್ರಿಪ್ಟ್ ನಿಲ್ಲುತ್ತದೆ, ಟೈಮರುಗಳು ನಿಲ್ಲುತ್ತವೆ, ಪ್ರೊಸೆಸರಿಗೂ ಬ್ಯಾಟರಿಗೂ ಬಿಡುವು. ಮೆಮೊರಿಯಲ್ಲಿ ಲಾಭ ಕಡಿಮೆ, ಆದರೆ ಮರಳಿದಾಗ ಪುಟ ಜಾಲದಿಂದ ಮತ್ತೆ ಬರಬೇಕಾಗಿಲ್ಲ. ಜಾಲದ ಸಂಪರ್ಕ ನಿಧಾನವಾಗಿರುವ ಊರಿನವರಿಗೆ ಈ ವ್ಯತ್ಯಾಸ ದೊಡ್ಡದು: ಇಳಿಸಿದ ಟ್ಯಾಬ್ ಪ್ರತಿ ಸಲವೂ ಡೇಟಾ ಖರ್ಚು ಮಾಡಿಸುತ್ತದೆ, ಸಿಗ್ನಲ್ ಇಲ್ಲದಾಗ ಪುಟವೇ ಬರುವುದಿಲ್ಲ.

ಇಳಿಸುವುದರ ನಿಜವಾದ ಅಪಾಯ ಅರ್ಧ ಮುಗಿದ ಕೆಲಸ. ಸೇವಾಸಿಂಧುವಿನಂಥ ಸರಕಾರಿ ಜಾಲತಾಣದಲ್ಲಿ ಅರ್ಜಿ ತುಂಬುತ್ತ, ನಡುವೆ ಬೇರೆ ಟ್ಯಾಬಿನಲ್ಲಿ ದಾಖಲೆ ಹುಡುಕಲು ಹೋದವರು ಮರಳುವಷ್ಟರಲ್ಲಿ ಪುಟ ಹೊಸದಾಗಿ ತೆರೆದುಕೊಂಡರೆ ಬರೆದದ್ದೆಲ್ಲ ಹೋದಂತೆ. ಇದಕ್ಕಾಗಿಯೇ ಕ್ರೋಮ್ ಅರ್ಧ ತುಂಬಿದ ಫಾರಂ ಇರುವ ಟ್ಯಾಬ್, ಹಾಡು ಅಥವಾ ವಿಡಿಯೊ ನಡೆಯುತ್ತಿರುವ ಟ್ಯಾಬ್, ಪರದೆ ಹಂಚಿಕೊಳ್ಳುತ್ತಿರುವ ಟ್ಯಾಬ್, ಕಡತ ಇಳಿಯುತ್ತಿರುವ ಟ್ಯಾಬ್, ಯುಎಸ್‌ಬಿ ಸಾಧನ ಜೋಡಿಸಿಕೊಂಡ ಟ್ಯಾಬ್, ಪಿನ್ ಮಾಡಿದ ಟ್ಯಾಬ್ ಇವನ್ನು ಮುಟ್ಟದೆ ಬಿಡುತ್ತದೆ. ಹಾಗಿದ್ದರೂ ಮುಖ್ಯ ಅರ್ಜಿಯ ಟ್ಯಾಬನ್ನು ಪಿನ್ ಮಾಡಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಜಾಲತಾಣ ಕಟ್ಟುವವರಿಗೂ ಇಲ್ಲಿ ಪಾಲಿದೆ. ತನ್ನನ್ನು ಸ್ತಬ್ಧಗೊಳಿಸಲಾಗುತ್ತಿದೆ, ಈಗ ಮರಳಿ ಎಬ್ಬಿಸಲಾಗಿದೆ, ಹಿಂದೆ ಇಳಿಸಲಾಗಿತ್ತು ಎಂಬ ಸುದ್ದಿಗಳನ್ನು ಪುಟಕ್ಕೆ ತಲುಪಿಸುವ ವ್ಯವಸ್ಥೆ 2018ರ ಕ್ರೋಮ್ 68ರಿಂದ ಇದೆ. ಬಳಕೆದಾರರು ಬರೆದದ್ದನ್ನು ಆಗಾಗ ಉಳಿಸಿಕೊಳ್ಳುವ ಪುಟಕ್ಕೆ ಇಳಿಸುವಿಕೆಯಿಂದ ಯಾವ ನಷ್ಟವೂ ಇಲ್ಲ.

ಬ್ರೌಸರುಗಳೇ ಈ ಕೆಲಸ ಕೈಗೆತ್ತಿಕೊಳ್ಳುವ ಮೊದಲು, ಬ್ರೌಸರಿಗೆ ಹೊರಗಿನಿಂದ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್‌ಗಳು ಅದನ್ನು ಮಾಡುತ್ತಿದ್ದವು. ಅವುಗಳಲ್ಲಿ ಬಹು ಜನಪ್ರಿಯವಾಗಿದ್ದ ದಿ ಗ್ರೇಟ್ ಸಸ್ಪೆಂಡರ್‌ನ ಕತೆ ಎಚ್ಚರಿಕೆಯಿಂದ ಓದಬೇಕಾದದ್ದು. 2020ರಲ್ಲಿ ಅದರ ಒಡೆತನ ಅಪರಿಚಿತರಿಗೆ ಮಾರಾಟವಾಯಿತು. ಅದರೊಳಗೆ ಅನುಮಾನದ ಕೋಡ್ ಸೇರಿದ್ದು ಕಂಡುಬಂದು 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಸಾರಿ ಎಲ್ಲರ ಬ್ರೌಸರಿನಲ್ಲೂ ನಿಷ್ಕ್ರಿಯಗೊಳಿಸಿತು. ಆ ಎಕ್ಸ್‌ಟೆನ್ಶನ್ ಮಲಗಿಸಿದ ಟ್ಯಾಬ್‌ಗಳ ಜಾಗದಲ್ಲಿ ತನ್ನದೇ ಪುಟವನ್ನು ಇಡುತ್ತಿದ್ದುದರಿಂದ, ಅದು ನಿಂತ ಕ್ಷಣ ಬಳಕೆದಾರರ ಟ್ಯಾಬ್‌ಗಳೂ ಮಾಯವಾದವು. ಎಷ್ಟೋ ಜನ ಬ್ರೌಸಿಂಗ್ ಇತಿಹಾಸ ಜಾಲಾಡಿ ವಿಳಾಸಗಳನ್ನು ಹೆಕ್ಕಿಕೊಳ್ಳಬೇಕಾಯಿತು. ಪ್ರತಿ ಪುಟವನ್ನೂ ಓದುವ ಅನುಮತಿ ಪಡೆದ ಸಾಧನ ಯಾರ ಕೈಯಲ್ಲಿದೆ ಎಂಬುದು ಅದು ಉಳಿಸುವ ಎಂಬಿಗಳಿಗಿಂತ ದೊಡ್ಡ ಪ್ರಶ್ನೆ. ಬ್ರೌಸರಿನೊಳಗೇ ಈ ಸೌಲಭ್ಯ ಇರುವಾಗ ಹೊರಗಿನದನ್ನು ಹಾಕಿಕೊಳ್ಳಲು ಬಲವಾದ ಕಾರಣವಿರಬೇಕು. 2025ರ ಫೈರ್‌ಫಾಕ್ಸ್ 140ರಲ್ಲಂತೂ ಟ್ಯಾಬಿನ ಮೇಲೆ ಬಲ ಕ್ಲಿಕ್ ಮಾಡಿ ಬೇಕಾದ ಟ್ಯಾಬನ್ನು ನಾವೇ ಇಳಿಸುವ ಆಯ್ಕೆ ಬಂದಿದೆ.

ಎಂಜಿನ್ನಿನ ಒಳಗಣ ಉಳಿತಾಯ

ಬಳಕೆದಾರರ ಕಣ್ಣಿಗೆ ಬೀಳದೆ ನಡೆದ ಕೆಲಸವೂ ಕಡಿಮೆಯದಲ್ಲ. ಮೊಜಿಲ್ಲಾ 2011ರಲ್ಲಿ ಮೆಮ್‌ಶ್ರಿಂಕ್ ಎಂಬ ಹೆಸರಿನಲ್ಲಿ ಮೆಮೊರಿಗೆಂದೇ ಒಂದು ತಂಡ ಕಟ್ಟಿತು. ನಿಕೊಲಸ್ ನೆದರ್‌ಕೋಟ್ ಅದರ ಮುಂದಾಳು. ಅದೇ ವರ್ಷದ ಫೈರ್‌ಫಾಕ್ಸ್ 7 ಹಿಂದಿನದಕ್ಕಿಂತ ಹಲವು ಸಂದರ್ಭಗಳಲ್ಲಿ 20ರಿಂದ 30 ಶೇಕಡ ಕಡಿಮೆ ಮೆಮೊರಿ ಬಳಸುತ್ತದೆಂದು ಅವರು ತಿಳಿಸಿದರು. 2012ರ ಫೈರ್‌ಫಾಕ್ಸ್ 15, ಮುಚ್ಚಿದ ಪುಟಗಳನ್ನು ಆಡ್-ಆನ್‌ಗಳು ಹಿಡಿದುಕೊಂಡೇ ಇರುವ ಸೋರಿಕೆಯನ್ನು ಬಹುಪಾಲು ನಿಲ್ಲಿಸಿತು. 2013ರ 26ನೇ ಆವೃತ್ತಿ ಪರದೆಯಲ್ಲಿ ಕಾಣದ ಚಿತ್ರಗಳನ್ನು ಬಿಚ್ಚುವುದನ್ನೇ ಬಿಟ್ಟಿತು. ಚಿತ್ರಗಳ ಲೆಕ್ಕ ನೋಡಿದವರಿಗೆ ಈ ಒಂದು ಬದಲಾವಣೆಯ ಬೆಲೆ ಗೊತ್ತಾಗುತ್ತದೆ.

ಕ್ರೋಮ್‌ನ ಕಡೆಯಿಂದ ಉಲ್ಲೇಖಿಸಬೇಕಾದದ್ದು 2020ರ 80ನೇ ಆವೃತ್ತಿಯ ಪಾಯಿಂಟರ್ ಸಂಕೋಚನ. 64 ಬಿಟ್‌ನ ಬ್ರೌಸರಿನಲ್ಲಿ ಒಂದು ವಸ್ತು ಇನ್ನೊಂದನ್ನು ತೋರಿಸಲು 8 ಬೈಟ್‌ಗಳ ವಿಳಾಸ ಬೇಕು, 32 ಬಿಟ್‌ನ ಕಾಲದಲ್ಲಿ 4 ಸಾಕಾಗಿತ್ತು. ಜಾವಾಸ್ಕ್ರಿಪ್ಟಿನ ಮೆಮೊರಿಯಲ್ಲಿ ಇಂಥ ವಿಳಾಸಗಳೇ ತುಂಬಿರುತ್ತವೆ. ಎಲ್ಲ ವಸ್ತುಗಳನ್ನೂ 4 ಜಿಬಿಯ ಒಂದು ಆವರಣದೊಳಗೆ ಇಟ್ಟು, ಆ ಆವರಣದ ಆರಂಭದಿಂದ ಎಷ್ಟು ದೂರ ಎಂಬುದನ್ನು ಮಾತ್ರ ಬರೆದುಕೊಂಡರೆ ಮತ್ತೆ 4 ಬೈಟ್ ಸಾಕು. ಕ್ರೋಮ್‌ನ ಜಾವಾಸ್ಕ್ರಿಪ್ಟ್ ಎಂಜಿನ್ನಾದ ವಿ8ರ ತಂಡ ಇದರಿಂದ ಜಾವಾಸ್ಕ್ರಿಪ್ಟಿನ ಮೆಮೊರಿ ಗರಿಷ್ಠ 43 ಶೇಕಡದವರೆಗೆ ಇಳಿದದ್ದನ್ನು ವರದಿ ಮಾಡಿತು. ಮರುವರ್ಷ ಕ್ರೋಮ್ 89, ವಿಂಡೋಸ್‌ನಲ್ಲಿ ಮುಖ್ಯ ಪ್ರೊಸೆಸ್ಸಿನ ಬಳಕೆಯನ್ನು 22 ಶೇಕಡದವರೆಗೆ ತಗ್ಗಿಸಿತೆಂದು ಗೂಗಲ್ ಹೇಳಿತು. ತೆರೆದ ಪುಟದಲ್ಲೇ ಮೇಲಕ್ಕೆ ಸರಿದುಹೋದ ದೊಡ್ಡ ಚಿತ್ರಗಳ ಜಾಗವನ್ನು ಬಿಟ್ಟುಕೊಡುವುದೂ ಆ ಆವೃತ್ತಿಯಲ್ಲಿ ಸೇರಿತ್ತು.

ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ ಎಲ್ಲವೂ ಕ್ರೋಮಿಯಂ ಎಂಬ ಒಂದೇ ಮೂಲದಿಂದ ಬಂದವು. ಈ ಗುಂಪಿನೊಳಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಪುಟ ಹಿಡಿಯುವ ಮೆಮೊರಿಯಲ್ಲಿ ಭಾರಿ ಬದಲಾವಣೆ ನಿರೀಕ್ಷಿಸಲಾಗದು. ವ್ಯತ್ಯಾಸ ಬರುವುದು ಟ್ಯಾಬ್ ಇಳಿಸುವ ನಿಯಮಗಳಿಂದ, ಜಾಹೀರಾತು ತಡೆಯುವ ಏರ್ಪಾಡಿನಿಂದ.

ಜಾಹೀರಾತು ಮತ್ತು ಎಕ್ಸ್‌ಟೆನ್ಶನ್‌ಗಳು

ಸುದ್ದಿಪುಟವೊಂದರಲ್ಲಿ ಐದಾರು ಜಾಹೀರಾತಿನ ಚೌಕಟ್ಟುಗಳಿದ್ದರೆ ಪ್ರತಿಯೊಂದೂ ತನ್ನ ಸ್ಕ್ರಿಪ್ಟ್, ತನ್ನ ಚಿತ್ರ, ಕೆಲವೊಮ್ಮೆ ತನ್ನ ವಿಡಿಯೊ ಹೊತ್ತು ತರುತ್ತದೆ. ಬೇರೆ ತಾಣದ್ದಾದರೆ ತನ್ನದೇ ಪ್ರೊಸೆಸ್ಸನ್ನೂ ಪಡೆಯುತ್ತದೆ. ಅವನ್ನು ತಡೆದರೆ ಮೆಮೊರಿ ಇಳಿಯುವುದು ಸಹಜ. ಆದರೆ ತಡೆಯುವ ಸಾಧನವೂ ಜಾಗ ಬೇಡುತ್ತದೆ. 2014ರಲ್ಲಿ ನೆದರ್‌ಕೋಟ್ ಅಳೆದು ತೋರಿಸಿದಂತೆ, ಆಗಿನ ಆಡ್‌ಬ್ಲಾಕ್ ಪ್ಲಸ್ ಫೈರ್‌ಫಾಕ್ಸ್‌ನಲ್ಲಿ ತನಗೆಂದೇ 60-70 ಎಂಬಿ ಹಿಡಿಯುವುದರ ಜೊತೆಗೆ, ತನ್ನ ದೊಡ್ಡ ಶೈಲಿಪಟ್ಟಿಯನ್ನು ಪುಟದ ಪ್ರತಿ ಚೌಕಟ್ಟಿಗೂ ತುರುಕುತ್ತಿದ್ದುದರಿಂದ ಚೌಕಟ್ಟಿಗೆ ಸುಮಾರು 4 ಎಂಬಿ ಹೆಚ್ಚಿಸುತ್ತಿತ್ತು. ಮರುವರ್ಷ ಫೈರ್‌ಫಾಕ್ಸ್ 41 ಆ ಪಟ್ಟಿಯನ್ನು ಎಲ್ಲ ಚೌಕಟ್ಟುಗಳೂ ಹಂಚಿಕೊಳ್ಳುವಂತೆ ಮಾಡಿತು. ಅದೇ ಕಾಲದಲ್ಲಿ ರೇಮಂಡ್ ಹಿಲ್ ಬರೆದ ಯುಬ್ಲಾಕ್ ಎಂಬ ಜಾಹೀರಾತು ತಡೆಯುವ ಸಾಧನ, ಕಡಿಮೆ ಮೆಮೊರಿಯನ್ನೇ ಗುರಿಯಾಗಿಟ್ಟುಕೊಂಡು ಬಂತು.

ಎಕ್ಸ್‌ಟೆನ್ಶನ್‌ಗಳಲ್ಲಿ ಬಹಳಷ್ಟು ಹಿನ್ನೆಲೆಯಲ್ಲಿ ಒಂದು ಅದೃಶ್ಯ ಪುಟವನ್ನು ಸದಾ ತೆರೆದಿಟ್ಟಿರುತ್ತಿದ್ದವು. ಕ್ರೋಮ್‌ನ ಹೊಸ ನಿಯಮಾವಳಿಯಾದ ಮ್ಯಾನಿಫೆಸ್ಟ್ ವಿ3ರಲ್ಲಿ ಅದರ ಬದಲು, 30 ಸೆಕೆಂಡ್ ಕೆಲಸವಿಲ್ಲದಿದ್ದರೆ ತಾನಾಗಿ ನಿಲ್ಲುವ ಪುಟ್ಟ ಸ್ಕ್ರಿಪ್ಟ್ ಇರುತ್ತದೆ. ಮೆಮೊರಿಗೆ ಇದು ಒಳಿತೇ. ಅದೇ ನಿಯಮಾವಳಿ ಜಾಹೀರಾತು ತಡೆಯುವ ಸಾಧನಗಳ ಕೈಯನ್ನೂ ಕಟ್ಟಿದ್ದರಿಂದ, ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಜಾಹೀರಾತಿಗೆ ಹೋಗುವ ಸಾಧ್ಯತೆ ಇದೆ. ಬಳಸದ ಎಕ್ಸ್‌ಟೆನ್ಶನ್‌ಗಳನ್ನು ತೆಗೆದುಹಾಕುವುದು ಎಲ್ಲ ಬ್ರೌಸರಿನಲ್ಲೂ ಕೂಡಲೇ ಫಲ ಕೊಡುವ ಕೆಲಸ.

ಅಳತೆ ಮತ್ತು ತಪ್ಪು ಓದುವಿಕೆ

ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಎಂದು ನೋಡದೆ ಮುಚ್ಚುತ್ತ ಹೋದರೆ ಪ್ರಯೋಜನವಿಲ್ಲ. ವಿಂಡೋಸ್ ಅಥವಾ ಲಿನಕ್ಸ್‌ನ ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬ್ರೌಸರಿನ ಸ್ವಂತ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ 'ಅಬೌಟ್:ಪ್ರೊಸೆಸಸ್' ಎಂದು ಬರೆದರೆ ತೆರೆಯುವ ಪುಟ ಅದೇ ಕೆಲಸ ಮಾಡುತ್ತದೆ, 'ಅಬೌಟ್:ಮೆಮೊರಿ' ಇನ್ನೂ ಆಳಕ್ಕೆ ಹೋಗುತ್ತದೆ. ಅಲ್ಲಿ ಕಣ್ಣಾಡಿಸಿದರೆ ಇಪ್ಪತ್ತು ಟ್ಯಾಬ್‌ಗಳಲ್ಲಿ ಎರಡೋ ಮೂರೋ ಅರ್ಧ ಭಾರ ಹೊತ್ತಿರುವುದು ಎಷ್ಟೋ ಸಲ ಕಾಣಿಸುತ್ತದೆ. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಭಾಗವನ್ನು ಒಂದೊಂದರಲ್ಲೂ ಎಣಿಸಿ ಕೂಡಿದರೆ ಮೊತ್ತ ಹಿಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು.

ರ‍್ಯಾಮ್ 80 ಶೇಕಡ ತುಂಬಿದೆ ಎಂಬ ಸಂಖ್ಯೆಯಿಂದಷ್ಟೇ ಗಾಬರಿಯಾಗಬೇಕಾಗಿಲ್ಲ. ಖಾಲಿ ಬಿದ್ದ ರ‍್ಯಾಮ್ ಯಾರಿಗೂ ಉಪಯೋಗವಿಲ್ಲ. ಇತ್ತೀಚಿನ ಪುಟಗಳನ್ನು ಅಲ್ಲಿ ಇಟ್ಟುಕೊಂಡರೆ ಹಿಂದಕ್ಕೆ ಹೋಗುವ ಗುಂಡಿ ಒತ್ತಿದ ಕೂಡಲೇ ಪುಟ ಬರುತ್ತದೆ. ಫೈರ್‌ಫಾಕ್ಸ್ 2005ರಲ್ಲೇ, ಕ್ರೋಮ್ ಡೆಸ್ಕ್‌ಟಾಪಿನಲ್ಲಿ 2021ರಲ್ಲಿ ಈ ಸೌಲಭ್ಯ ಕೊಟ್ಟದ್ದು ತಿಳಿದೇ ಮಾಡಿದ ಖರ್ಚು. ಚಿಂತೆ ಶುರುವಾಗಬೇಕಾದದ್ದು ರ‍್ಯಾಮ್ ಸಾಲದೆ ವ್ಯವಸ್ಥೆ ಪದೇ ಪದೇ ಡಿಸ್ಕಿಗೆ ಬರೆದು ಓದತೊಡಗಿದಾಗ: ಟ್ಯಾಬ್ ಬದಲಿಸಿದರೆ ಪರದೆ ಬಿಳಿಚಿಕೊಳ್ಳುವುದು, ಡಿಸ್ಕಿನ ದೀಪ ಬಿಡದೆ ಮಿನುಗುವುದು. 2013ರ ಮ್ಯಾಕ್ ಮಾವೆರಿಕ್ಸ್, 2015ರ ವಿಂಡೋಸ್ 10 ಹಾಗೂ ಲಿನಕ್ಸ್‌ನ ಜೆಡ್‌ರ‍್ಯಾಮ್, ಡಿಸ್ಕಿಗೆ ಕಳಿಸುವ ಮೊದಲು ಮೆಮೊರಿಯನ್ನು ರ‍್ಯಾಮಿನಲ್ಲೇ ಸಂಕುಚಿಸಿಡುವ ಮೂಲಕ ಈ ಹಂತವನ್ನು ಮುಂದೂಡುತ್ತವೆ. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸುವುದೂ ನೋವು ತಗ್ಗಿಸುತ್ತದೆ.

ಒಂದು ಕ್ಲಿಕ್ಕಿನಲ್ಲಿ ರ‍್ಯಾಮ್ ಖಾಲಿ ಮಾಡಿಕೊಡುತ್ತೇವೆನ್ನುವ ತಂತ್ರಾಂಶಗಳು ಮಾಡುವುದು ಇದರ ವಿರುದ್ಧ ಕೆಲಸ. ಬಳಕೆಯಲ್ಲಿರುವ ಮೆಮೊರಿಯನ್ನು ಬಲವಂತವಾಗಿ ಹೊರದಬ್ಬಿದರೆ ಸಂಖ್ಯೆ ಇಳಿಯುತ್ತದೆ, ಮರುಕ್ಷಣ ಅದೇ ದತ್ತಾಂಶ ಮತ್ತೆ ಬೇಕಾಗಿ ಯಂತ್ರ ಇನ್ನಷ್ಟು ನಿಧಾನವಾಗುತ್ತದೆ. ಅವನ್ನು ಹಾಕದಿರುವುದೇ ಲೇಸು.

ಟ್ಯಾಬ್ ಮುಚ್ಚದ ಮನಸ್ಸು

ಟ್ಯಾಬ್‌ಗಳನ್ನು ಮುಚ್ಚಿ ಎಂಬ ಸಲಹೆ ಸುಲಭ, ಪಾಲಿಸುವುದು ಕಷ್ಟ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಗವಹಿಸಿದವರ ಒಂದು ಗುಂಪಿನಲ್ಲಿ ಸುಮಾರು ಕಾಲುಭಾಗ ಜನ ಟ್ಯಾಬ್‌ಗಳು ಹೆಚ್ಚಾಗಿ ಬ್ರೌಸರ್ ಅಥವಾ ಕಂಪ್ಯೂಟರ್ ಕುಸಿದ ಅನುಭವ ಹೇಳಿದರು. ಆದರೂ ಅವರು ಮುಚ್ಚುತ್ತಿರಲಿಲ್ಲ. ಕಣ್ಣಿನಿಂದ ಮರೆಯಾದರೆ ಮತ್ತೆ ಸಿಗಲಿಕ್ಕಿಲ್ಲ ಎಂಬ ಭಯ, ಬಾಕಿ ಕೆಲಸದ ನೆನಪಿಗೆ ಅದೊಂದೇ ಆಧಾರ ಎಂಬ ಭಾವನೆ ಅದಕ್ಕೆ ಕಾರಣ. ಬುಕ್‌ಮಾರ್ಕ್ ಇದ್ದರೂ ಜನ ಅದನ್ನು ಬಳಸದಿರುವುದು ಇದೇ ಕಾರಣಕ್ಕೆ: ಅಲ್ಲಿಗೆ ಹೋದದ್ದು ಕಣ್ಣಿಗೆ ಬೀಳುವುದಿಲ್ಲ.

ಈ ಮನಸ್ಸನ್ನು ಬೈಯುವುದಕ್ಕಿಂತ ಅದಕ್ಕೆ ಒಪ್ಪುವ ಸಾಧನ ಕೊಡುವುದು ಮೇಲು. 2020ರಲ್ಲಿ ಕ್ರೋಮ್‌ಗೆ, 2025ರಲ್ಲಿ ಫೈರ್‌ಫಾಕ್ಸ್‌ಗೆ ಬಂದ ಟ್ಯಾಬ್ ಗುಂಪುಗಳು, ಶೀರ್ಷಿಕೆ ಪೂರ್ತಿ ಓದಬಹುದಾದ ಲಂಬ ಟ್ಯಾಬ್ ಪಟ್ಟಿ ಆ ದಿಕ್ಕಿನವು. ಗುಂಪನ್ನು ಮಡಚಿಟ್ಟ ಮಾತ್ರಕ್ಕೆ ಮೆಮೊರಿ ಉಳಿಯುವುದಿಲ್ಲ. ಗುಂಪನ್ನು ಉಳಿಸಿ ಮುಚ್ಚಿದಾಗ ಅಥವಾ ಒಳಗಿನ ಟ್ಯಾಬ್‌ಗಳು ಇಳಿದಾಗ ಮಾತ್ರ ಲಾಭ.

ಮೊಬೈಲಿನಲ್ಲಿ

ಫೋನಿನಲ್ಲಿ ಈ ಆಯ್ಕೆಗಳೆಲ್ಲ ಬಳಕೆದಾರರ ಕೈಯಲ್ಲಿಲ್ಲ. ಆಂಡ್ರಾಯ್ಡ್ ಮತ್ತು ಐಒಎಸ್ ಎರಡೂ ಮೆಮೊರಿ ಸಾಲದಾದಾಗ ಹಿನ್ನೆಲೆಯ ಪ್ರೊಸೆಸ್‌ಗಳನ್ನು ಕೇಳದೆಯೇ ಕೊಲ್ಲುತ್ತವೆ. ಒಟಿಪಿ ನೋಡಲು ಸಂದೇಶಗಳಿಗೆ ಹೋಗಿ ಮರಳುವಷ್ಟರಲ್ಲಿ ಪಾವತಿಯ ಪುಟ ಮೊದಲಿನಿಂದ ತೆರೆದುಕೊಳ್ಳುವುದು ಕಡಿಮೆ ರ‍್ಯಾಮಿನ ಫೋನುಗಳಲ್ಲಿ ಹೀಗೆಯೇ. ಟ್ಯಾಬ್‌ಗಳ ಸಂಖ್ಯೆ ನೂರು ದಾಟಿದ್ದರೂ ಫೋನಿನಲ್ಲಿ ಅವುಗಳಲ್ಲಿ ಹೆಚ್ಚಿನವು ಬರಿಯ ವಿಳಾಸಗಳಾಗಿರುತ್ತವೆ, ಹಾಗಾಗಿ ಅಲ್ಲಿ ಟ್ಯಾಬ್ ಮುಚ್ಚುವುದಕ್ಕಿಂತ ಇತರ ಆ್ಯಪ್‌ಗಳ ಭಾರ ಇಳಿಸುವುದು ಹೆಚ್ಚು ಫಲ ಕೊಡುತ್ತದೆ. ಸುರಕ್ಷತೆಗೂ ಮೆಮೊರಿಗೂ ನಡುವಿನ ಎಳೆದಾಟ ಇಲ್ಲಿ ಇನ್ನೂ ಬಿಗಿ. 2019ರಲ್ಲಿ ಆಂಡ್ರಾಯ್ಡ್‌ನ ಕ್ರೋಮ್ 77ಕ್ಕೆ ತಾಣಗಳ ಪ್ರತ್ಯೇಕತೆ ಬಂದಾಗ ಅದನ್ನು ಬಳಕೆದಾರರು ಪಾಸ್‌ವರ್ಡ್ ಕೊಟ್ಟು ಒಳಹೋಗುವ ತಾಣಗಳಿಗಷ್ಟೇ ಸೀಮಿತಗೊಳಿಸಲಾಯಿತು, ಅದೂ ಕನಿಷ್ಠ 2 ಜಿಬಿ ರ‍್ಯಾಮ್ ಇರುವ ಫೋನುಗಳಲ್ಲಿ ಮಾತ್ರ. ಅದಕ್ಕಿಂತ ಕಡಿಮೆಯ ಫೋನ್ ಹಿಡಿದವರಿಗೆ ಆ ರಕ್ಷಣೆ ಆಗ ಸಿಗಲಿಲ್ಲ.